ಹೂಂಗುಟ್ಟುವ ಪದರ

ನಾಡಿ ಅಳೆಯುವ ಕ್ಲಿಪ್ಪಿನಿಂದ ಬೆರಳು ಹೊರತೆಗೆದ ಮೇಲೂ ಪರದೆಯಲ್ಲಿ ನಾಡಿ ಎಪ್ಪತ್ತೆರಡು ಎಂದೇ ಇತ್ತು. ಅವಳು ಕ್ಲಿಪ್ಪನ್ನು ಮೇಜಿನ ಅಂಚಿಗೆ ಸಿಕ್ಕಿಸಿದಳು. ಮೇಜಿಗೂ ಎಪ್ಪತ್ತೆರಡು.

"ನೋಡಿ ಸಾರ್, ಮೇಜಿಗೂ ಜೀವ ಬಂದಿದೆ."

ಮುಖ್ಯಸ್ಥ ನಕ್ಕ. "ನಮ್ಮಿಬ್ರಿಗಿಂತ ಗಟ್ಟಿಯಾಗಿದೆ ಬಿಡು. ಮಧ್ಯಾಹ್ನ ಆಸ್ಪತ್ರೆಯವರು ಬರ್ತಾರೆ. ಈಗ ತಕರಾರು ತೆಗೀಬೇಡಮ್ಮ."

ತಕರಾರು ತೆಗೆಯುವುದಕ್ಕೇ ಅವಳಿಗೆ ಸಂಬಳ. ಆಸ್ಪತ್ರೆಯ ನಾಡಿಯಂತ್ರವನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ ತೀರ ಹಳೆಯದು. ಅದನ್ನು ಬರೆದವರು ಕಂಪನಿಗೆ ಬೀಗ ಹಾಕಿಕೊಂಡು ಎತ್ತಲೋ ಹೋಗಿದ್ದರು. ಹೊಸ ಆಪರೇಟಿಂಗ್ ಸಿಸ್ಟಮ್ಮಿಗೆ ಅದರ ಮಾತು ತಿಳಿಯದು. ಎರಡರ ನಡುವೆ ಮಾತು ದಾಟಿಸಲು ಹೊಂದಾಣಿಕೆಯ ಪದರವೆಂಬ ಇನ್ನೊಂದು ತಂತ್ರಾಂಶ ಬೇಕು. ಅತ್ತೆ ಸೊಸೆಯರ ನಡುವೆ ಸಿಕ್ಕಿಬಿದ್ದ ಗಂಡಸಿನ ಪಾಡು ಅದರದು. ಅವಳಿಗಿಂತ ಮೊದಲು ಈ ಕೆಲಸದಲ್ಲಿದ್ದವರು ಆ ಗಂಡಸಿನ ಉಪಾಯವನ್ನೇ ಹೂಡಿದ್ದರು: ಅರ್ಥವಾಗದ್ದನ್ನು ಕೇಳಿದರೆ 'ಆಯಿತು' ಎಂದುಬಿಡುವುದು. ಕ್ಲಿಪ್ಪಿನಲ್ಲಿ ಬೆರಳು ಇನ್ನೂ ಇದೆಯೇ ಎಂದು ಡ್ರೈವರ್ ಕೇಳುತ್ತಿತ್ತು. ಪದರ ಹೂಂಗುಟ್ಟುತ್ತಿತ್ತು. ಪರದೆ ಕೊನೆಯ ಅಂಕಿಯನ್ನೇ ಹಿಡಿದುಕೊಂಡು ಕೂರುತ್ತಿತ್ತು.

"ರೋಗಿ ಬೆರಳಿಂದ ಕ್ಲಿಪ್ ಜಾರಿ, ಆಮೇಲೆ ಅವನ ನಾಡಿ ನಿಂತ್ರೂ ನರ್ಸಿಗೆ ಕಾಣೋದು ಇದೇ ಎಪ್ಪತ್ತೆರಡು," ಎಂದಳು.

"ಖಾಲಿ ಪರದೆ ಕಂಡ್ರೆ ಗಿರಾಕಿ ಹೆದರ್ತಾನೆ."

"ಹೆದರ್ಲಿ."

ಮುಖ್ಯಸ್ಥ ಕನ್ನಡಕ ತೆಗೆದು ಒರೆಸಿಕೊಂಡ. "ಸರಿ, ನೀನು ಬರೆದದ್ದನ್ನೇ ತೋರಿಸು. ಅದು ಕೈಕೊಟ್ರೆ ಹಳೇದನ್ನೇ ಕಳಿಸ್ತೀನಿ. ಆಮೇಲೆ ಚಕಾರ ಎತ್ತೋ ಹಾಗಿಲ್ಲ."

"ಎತ್ತಲ್ಲ."

ಬಾಗಿಲು ಹಾಕಿಕೊಂಡು ಕುಳಿತಳು. ಅವಳ ಪದರಕ್ಕೆ ದಾಕ್ಷಿಣ್ಯವಿರಲಿಲ್ಲ. ತಿಳಿಯದ ಪ್ರಶ್ನೆಗೆ 'ಗೊತ್ತಿಲ್ಲ' ಎನ್ನುತ್ತಿತ್ತು. ಪ್ರತಿ ಅಂಕಿಗೂ ಚೂರು ಆಯಸ್ಸು ಕೊಟ್ಟಿದ್ದಳು. ಅಷ್ಟರಲ್ಲಿ ಹೊಸ ಅಂಕಿ ಬಾರದಿದ್ದರೆ ಹಳೆಯದು ಅಳಿಯಬೇಕು. ಡ್ರೈವರಿಗೆ ಬೇರೆಯದೇ ಆವರಣ ಕಟ್ಟಿದ್ದಳು, ಅದು ಕೆಟ್ಟು ಬಿದ್ದರೆ ತಾನೊಂದೇ ಬೀಳಲಿ, ಉಳಿದವನ್ನು ಎಳೆದುಕೊಳ್ಳದಿರಲಿ ಎಂದು. ಇಂಥ ಒಂದು ಆವರಣ ಮನುಷ್ಯರಿಗೂ ಇದ್ದಿದ್ದರೆ ಎಂದು ಅವಳಿಗೆ ಆಗಾಗ ಅನಿಸುತ್ತಿತ್ತು.

ಗಂಡನ ಫೋನು ಬಂತು.

"ಅಮ್ಮನ ಬೀರು ನಮ್ಮ ರೂಮಿಗೆ ಬರುತ್ತಂತೆ. ಕಿಟಕಿ ಪಕ್ಕ."

"ಆಯ್ತು."

"ನಿಂಗೇನೂ ಬೇಜಾರಿಲ್ವಲ್ಲ?"

"ಇಲ್ಲ."

"ನಂಗೊತ್ತಿತ್ತು," ಎಂದು ಅವನು ಖುಷಿಯಿಂದ ಫೋನಿಟ್ಟ.

ಕಿಟಕಿಯ ಪಕ್ಕ ಅವಳ ಮೇಜಿತ್ತು. ಆ ಮನೆಯಲ್ಲಿ ಅವಳದೆನ್ನುವ ಜಾಗ ಅದೊಂದೇ. ಬೇಜಾರಾಗಿತ್ತು, ಅಳುವಷ್ಟು. ಗಂಡನ ಮೇಲಲ್ಲ, ಅಷ್ಟು ಸಲೀಸಾಗಿ ತನ್ನ ಬಾಯಿಗೆ ಬಂದ ಮಾತಿನ ಮೇಲೆ. ಮುಖ ತೊಳೆದು ಬಂದು ಇನ್ನೊಂದು ಪರೀಕ್ಷೆ ನಡೆಸಿದಳು. ಇದನ್ನಾದರೂ ಬಿಟ್ಟುಕೊಡಬಾರದು.

ಮಧ್ಯಾಹ್ನ ಆಸ್ಪತ್ರೆಯಿಂದ ಮೂವರು ಬಂದರು. ಅವರಲ್ಲಿ ಹಿರಿಯ ವೈದ್ಯೆಯದೇ ಕೊನೆಯ ಮಾತಂತೆ. ಸಭೆಯ ಕೋಣೆ ಏಸಿಯಲ್ಲಿ ಕೊರೆಯುತ್ತಿತ್ತು.

"ನಿಮ್ಮ ಬೆರಳೇ ಇಡಿ, ನೋಡೋಣ," ಎಂದರು ವೈದ್ಯೆ.

ಇಟ್ಟಳು. ಪರದೆ ಖಾಲಿ ಇತ್ತು. ಬೆರಳು ಬದಲಿಸಿದಳು. ಖಾಲಿಯೇ.

"ಬದುಕಿದ್ದೀಯೇನಮ್ಮ?" ಎಂದ ಮುಖ್ಯಸ್ಥ. ಎಲ್ಲರೂ ನಕ್ಕರು. ಅವಳೂ ನಕ್ಕಳು, ತಡವಾಗಿ.

ಬೆರಳು ಮಂಜುಗಡ್ಡೆಯಾಗಿತ್ತು. ಅಷ್ಟು ತಣ್ಣಗಿದ್ದರೆ ಕ್ಲಿಪ್ಪಿಗೆ ನಾಡಿ ಸಿಗುವುದಿಲ್ಲ. ಸಿಗಲಿಲ್ಲವೆಂದು ಪದರ ಇದ್ದದ್ದನ್ನು ಇದ್ದ ಹಾಗೆ ಹೇಳಿತ್ತು, ಅಷ್ಟೇ.

ಮುಖ್ಯಸ್ಥ ಕೀಬೋರ್ಡನ್ನು ಮೆಲ್ಲಗೆ ಅವಳತ್ತ ಸರಿಸಿದ. ಒಂದು ಕೀಲಿ ಒತ್ತಿದರೆ ಹಳೆಯ ಪದರ ಬರುತ್ತದೆ, ಬೆಳಗಿನ ಎಪ್ಪತ್ತೆರಡು ತಟ್ಟನೆ ಮೂಡುತ್ತದೆ, ಎಲ್ಲರೂ ನೆಮ್ಮದಿಯಾಗಿ ಕಾಫಿ ಕುಡಿಯುತ್ತಾರೆ.

"ಒತ್ತು," ಎಂದ ಕಿವಿಯ ಹತ್ತಿರ. "ಮಾನ ಉಳಿಸ್ಕೋ."

"ಇದು ಸರಿಯಾಗೇ ಹೇಳ್ತಿದೆ," ಎಂದಳು ವೈದ್ಯೆಗೆ. "ನನ್ನ ನಾಡಿ ಅದಕ್ಕೆ ಸಿಕ್ತಿಲ್ಲ. ಸ್ವಲ್ಪ ಕಾಯಿರಿ."

"ಎಷ್ಟು ಹೊತ್ತು?"

"ಗೊತ್ತಿಲ್ಲ."

ವೈದ್ಯೆ ಕುರ್ಚಿಗೆ ಒರಗಿದರು. ಅವಳು ಕ್ಲಿಪ್ಪಿನೊಳಗಿದ್ದ ಬೆರಳನ್ನು ಬೆಚ್ಚಗಾಗಲೆಂದು ಇನ್ನೊಂದು ಕೈಯಲ್ಲಿ ಮುಚ್ಚಿ ಹಿಡಿದು ನಿಂತಳು. ಖಾಲಿ ಪರದೆಯ ಕಪ್ಪು ಗಾಜಿನಲ್ಲಿ ಕೋಣೆಯ ಮುಖಗಳೆಲ್ಲ ಸಾಲಾಗಿ ಕಾಣುತ್ತಿದ್ದವು. ಎಲ್ಲರೂ ಅವಳಿಗೆ ಜೀವ ಬರಲೆಂದು ಕಾಯುತ್ತಿದ್ದರು, ಅವಳೂ.