ದೋಷವಿಲ್ಲದ ಕಾಟಾ

ನಾನು ತೂಕ ನೋಡುವ ಒಂದು ಯಂತ್ರ. ಈ ಕಡೆಯವರು ನನ್ನನ್ನು ಕಾಟಾ ಎನ್ನುತ್ತಾರೆ. ಹುಟ್ಟಿದ್ದು ಕಾರ್ಖಾನೆಯ ಉದ್ದನೆಯ ಮೇಜಿನ ಮೇಲೆ. ಒಬ್ಬಾತ ನನ್ನೊಳಗೆ ಸ್ಪ್ರಿಂಗ್ ಕೂರಿಸಿದ. ಇನ್ನೊಬ್ಬ ಕಬ್ಬಿಣದ ತೂಕದ ಕಲ್ಲುಗಳನ್ನು ನನ್ನ ಮೇಲೆ ಇಟ್ಟು ತೆಗೆದ. ಮುಳ್ಳು ಸೊನ್ನೆಗೆ ಮರಳಿದಾಗ "ಹೋಗು" ಎಂದ. ಅವನು ಹೇಳಿದ್ದು ನನಗೋ ಪಕ್ಕದವನಿಗೋ, ಇವತ್ತಿಗೂ ತಿಳಿದಿಲ್ಲ.

ಮೊದಲು ನಾನಿದ್ದದ್ದು ಒಂದು ವಿಶ್ವವಿದ್ಯಾಲಯದ ದವಾಖಾನೆಯಲ್ಲಿ. ಜ್ವರ ಬಂದವರು ನನ್ನ ಮೇಲೆ ನಿಲ್ಲುತ್ತಿದ್ದರು, ಇಳಿಯುತ್ತಿದ್ದರು. ಒಂದು ದಿನ ದೈಹಿಕ ಶಿಕ್ಷಣ ವಿಭಾಗದವರು ಎರಡು ದಿನಕ್ಕೆಂದು ಕೇಳಿ ಒಯ್ದರು. ಹನ್ನೊಂದು ವರ್ಷವಾಯಿತು. ಯಾರೂ ಮರಳಿ ಕೇಳಲಿಲ್ಲ.

ಅಲ್ಲಿ ಕುಸ್ತಿ ಕಲಿಸುವವರು ಪಟ್ಟೇದ ಸರ್. ನನಗೆ ಜನರ ಮುಖ ಕಾಣುವುದಿಲ್ಲ, ಪಾದ ಕಾಣುತ್ತದೆ. ಅವರದು ಬಿಳಿ ಕ್ಯಾನ್ವಾಸ್ ಬೂಟು. ಹುಡುಗರ ತೂಕ ನೋಡಲು ನನ್ನನ್ನು ಅಂಗಳಕ್ಕೆ ತರುತ್ತಿದ್ದರು. ಹುಡುಗರು ಸಾಲಾಗಿ ನಿಂತು, "ಏ, ನಿನ್ನ ಹೊಟ್ಟಿ ಹೊರಗಿಟ್ಟು ಹತ್ತಲೇ" ಎಂದು ಕಾಲೆಳೆಯುತ್ತಿದ್ದರು. ಹುಡುಗಿಯರ ಪದ್ಧತಿ ಬೇರೆ. ಅವರ ತೂಕಕ್ಕೆ ನನ್ನನ್ನು ಸರ್ ತಮ್ಮ ಕೋಣೆಯಲ್ಲಿ ಇಡುತ್ತಿದ್ದರು. ಒಬ್ಬೊಬ್ಬರೇ ಒಳಗೆ ಬರಬೇಕು, ಬಾಗಿಲು ಹಾಕಬೇಕು. ಹುಡುಗಿಯರ ಮರ್ಯಾದೆಗಾಗಿ ಈ ನಿಯಮ ಎಂದು ಸರ್ ಹೇಳುತ್ತಿದ್ದರು. ನಾನೂ ನಂಬಿದ್ದೆ. ಆದರೆ ಬಿಳಿ ಬೂಟುಗಳು ತೀರಾ ಹತ್ತಿರ ಬರುತ್ತಿದ್ದವು. ಮುಳ್ಳು ಓದಲು ಅಷ್ಟು ಹತ್ತಿರ ಬರುವ ಅಗತ್ಯವಿರಲಿಲ್ಲ. ನನ್ನ ಅಂಕಿಗಳು ದೊಡ್ಡವು.

ನೀಲವ್ವ ಗೊರವರ ಎಂಬ ಹುಡುಗಿ ಐವತ್ತು ಕಿಲೋ ವಿಭಾಗದಲ್ಲಿ ಆಡುತ್ತಿದ್ದಳು. ಅದು ಅವಳ ಕೊನೆಯ ವರ್ಷ. ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆ ಹೋಗಲು ಉಳಿದಿದ್ದ ಒಂದೇ ಅವಕಾಶ. ಆಯ್ಕೆಗೆ ಒಂದು ವಾರ ಮೊದಲು ಅವಳು ಕೋಣೆಯ ಹೊಸ್ತಿಲಲ್ಲೇ ನಿಂತಳು.

"ಬಾಗಲಾ ತೆರದಿರಲಿ ಸರ. ಇಲ್ಲಂದ್ರ ಕಾಟಾ ಹೊರಗ ತರ್ರಿ."

"ಯಾಕವಾ, ನಾ ಏನ ಹುಲಿ ಏನ?"

"ಹುಲಿ ಆಗಿದ್ರ ದೂರಿಂದನ ವಾಸನಿ ಬರ್ತಿತ್ತರಿ."

ಹೊರಗಿದ್ದ ಯಾರೋ ನಕ್ಕರು. ಸರ್ ನಗಲಿಲ್ಲ.

ಆಯ್ಕೆಯ ದಿನ ನನ್ನನ್ನು ಅಂಗಳದಲ್ಲೇ ಇಟ್ಟರು. ಬೇರೆಯವರೆಲ್ಲ ಹತ್ತಿ ಇಳಿದರು. ನೀಲವ್ವನ ಸರದಿಗೆ ಮುಂಚೆ ಸರ್ ಧೂಳು ಒರೆಸುವವರಂತೆ ನನ್ನನ್ನು ಎತ್ತಿದರು. ನನ್ನ ಅಡಿಯಲ್ಲಿ ಸೊನ್ನೆ ಸರಿಪಡಿಸುವ ಒಂದು ತಿರುಪು ಇದೆ. ಅವರ ಬೆರಳು ಅದನ್ನು ತಿರುಗಿಸಿತು. ನೀಲವ್ವ ಬಗ್ಗಿ ನನ್ನನ್ನು ಮುಟ್ಟಿ ಕೈಯನ್ನು ಹಣೆಗೆ ಒತ್ತಿಕೊಂಡು ಹತ್ತಿದಳು. ನನ್ನ ಸ್ಪ್ರಿಂಗುಗಳಿಗೆ ತಿಳಿದದ್ದು ನಲವತ್ತೊಂಬತ್ತೂವರೆ. ಮುಳ್ಳು ತೋರಿಸಿದ್ದು ಐವತ್ತೊಂದೂವರೆ. ಸುಳ್ಳು ಹೇಳಿದ್ದು ಯಾರು? ಮುಳ್ಳು ನನ್ನದೇ. ಬೆರಳು ನನ್ನದಲ್ಲ.

ಅವಳ ಜಾಗದಲ್ಲಿ ರೇಷ್ಮಾ ನದಾಫ್ ಹೋದಳು. ಇಬ್ಬರೂ ಹಾಸ್ಟೆಲಿನಲ್ಲಿ ಒಂದೇ ಕೋಣೆಯವರು. ರೇಷ್ಮಾ ಕಂಚು ಗೆದ್ದು ಬಂದಳು. ವಿಶ್ವವಿದ್ಯಾಲಯ ಅವಳಿಗೆ ಹಾರ ಹಾಕಿತು.

ಅಷ್ಟರಲ್ಲಿ ನೀಲವ್ವ ಮುಚ್ಚಿದ ಬಾಗಿಲಿನ ವಿಷಯವನ್ನೂ ಕಾಟಾದ ವಿಷಯವನ್ನೂ ಬರೆದು ವಿಭಾಗದ ನಿರ್ದೇಶಕರಿಗೆ ಕೊಟ್ಟಿದ್ದಳು. ಅವರು ಅದನ್ನು ಕುಲಪತಿಗಳಿಗೆ ಕಳಿಸಿದರು. ಕುಲಪತಿಗಳು ಮೂವರು ಪ್ರಾಧ್ಯಾಪಕರ ಸಮಿತಿ ಮಾಡಿದರು. ಅದರ ಅಧ್ಯಕ್ಷೆ ಇನಾಮದಾರ ಮೇಡಂ ಶಿಸ್ತಿನವರು. ನನ್ನ ಬಗ್ಗೆ ಅವರು ಹೇಳಿದ ಮೊದಲ ಮಾತು ಇದು: "ಕಾಟಾನ ಸಾಕ್ಷಿ ಅಂದಮ್ಯಾಲೆ ಅದು ಸರಿ ಇರಬೇಕಲ್ಲ? ಕೆಟ್ಟ ಕಾಟಾ ಇಟಗೊಂಡು ತನಿಖಿ ಹೆಂಗ ಮಾಡೂದು? ಮೊದಲ ರಿಪೇರಿ ಮಾಡಿಸ್ರಿ."

ನನ್ನನ್ನು ಅಂಗಡಿಗೆ ಒಯ್ದರು. ರಿಪೇರಿಯವನು ನನ್ನನ್ನು ಮಗುಚಿ ಹಾಕಿದ.

"ತಿರಪು ಬೇಕಂತನ ತಿರುವ್ಯಾರಲ್ರೀ. ಯಾರಿದು?"

"ನಿನಗ್ಯಾಕ ಅದು? ಸರಿ ಮಾಡು," ಎಂದ ನನ್ನನ್ನು ಹೊತ್ತು ತಂದಿದ್ದ ಜವಾನ.

ಅವನು ಸರಿ ಮಾಡಿದ. ಮೇಡಂ ಕೆಟ್ಟವರೋ, ಅತಿ ಒಳ್ಳೆಯವರೋ? ಯೋಚಿಸಿದಷ್ಟೂ ನನ್ನ ತಲೆ ತಿರುಗಿತು. ಅಪರಾಧದ ಗುರುತು ನನ್ನಲ್ಲಿತ್ತು. ನನ್ನನ್ನು ನಂಬಲೆಂದೇ ಅದನ್ನು ಒರೆಸಿದ್ದರು.

ವಿಚಾರಣೆಯ ದಿನ ನೀಲವ್ವನನ್ನು ನನ್ನ ಮೇಲೆ ನಿಲ್ಲಿಸಿದರು. ನಲವತ್ತೊಂಬತ್ತೂವರೆ.

"ಕಾಟಾದಾಗ ದೋಷ ಇಲ್ಲ," ಎಂದರು ಮೇಡಂ. "ನೀನೂ ಐವತ್ತರೊಳಗ ಇದ್ದೀ. ಮತ್ತ ತಕರಾರ ಏನವಾ?"

"ಆಟ ಮುಗದು ಹದಿನೈದ ದಿನಾ ಆತ್ರೀ ಮೇಡಂ."

"ಅದು ನಮ್ಮ ಸಮಿತಿ ವ್ಯಾಪ್ತಿಗೆ ಬರೂದಿಲ್ಲ. ಬಾಗಲದ ಮಾತಿಗೆ ಸಾಕ್ಷಿ ಅದಾರೇನ?"

ಬಿಳಿ ಬೂಟುಗಳು ಕುರ್ಚಿಯ ಕೆಳಗೆ ಒಂದರ ಮೇಲೊಂದು ಆರಾಮಾಗಿ ಕೂತಿದ್ದವು. ಆಗ ಗೋಡೆಯ ಹತ್ತಿರದಿಂದ ಒಂದು ಜೊತೆ ಚಪ್ಪಲಿ ಮುಂದೆ ಬಂತು.

"ನಾ ಅದೀನ್ರೀ," ಎಂದಳು ರೇಷ್ಮಾ. "ಆಕಿ ಬಾಗಲಾ ಹಾಕಾಕ ಒಲ್ಲೆ ಅಂದ್ಲು. ನಾ ಹಾಕಿದ್ದೆ. ಏನಾತು ಅಂತ ಹೇಳ್ತೀನಿ, ಬರಕೋರಿ."

"ರೇಷ್ಮಾ, ನಿನ್ನ ಮೆಡಲ್..." ಎಂದರು ನಿರ್ದೇಶಕರು.

"ಅದನ್ನೂ ಬರಕೋರಿ ಸರ. ಆಕಿ ಜಾಗಾದಾಗ ಗೆದ್ದಿದ್ದು ಅಂತ."

ಅವಳು ಹೇಳತೊಡಗಿದಳು. ಬಹಳ ಹೊತ್ತು ಹೇಳಿದಳು. ಬಿಳಿ ಬೂಟುಗಳು ನೆಲಕ್ಕಿಳಿದವು.

ಪಟ್ಟೇದ ಸರ್ ಅಮಾನತಾದರು. ಆಟಗಾರ್ತಿಯರ ರಕ್ಷಣೆಗೆ ಹೊಸ ಸಮಿತಿ ಬಂತು. ಎಲ್ಲ ಬಲ್ಲ ನಿರ್ದೇಶಕರೇ ಅದಕ್ಕೆ ಅಧ್ಯಕ್ಷರಾದರು. ನೀಲವ್ವನ ಪಂದ್ಯ ಮಾತ್ರ ಮರಳಿ ಬರಲಿಲ್ಲ. ಅವಳು ಗೆದ್ದಳೋ ಸೋತಳೋ, ನನಗೆ ಲೆಕ್ಕ ಹತ್ತುತ್ತಿಲ್ಲ. ಹಾಸ್ಟೆಲ್ ಬಿಟ್ಟು ಹೋಗುವ ದಿನ ನೀಲವ್ವ, ರೇಷ್ಮಾ ಇಬ್ಬರೂ ನನ್ನ ಮುಂದೆಯೇ ಹಾದುಹೋದರು. ಒಬ್ಬಳ ಟ್ರಂಕನ್ನು ಇಬ್ಬರೂ ಹಿಡಿದಿದ್ದರು.

ಈಗ ನಾನು ಕುಲಸಚಿವರ ಕಚೇರಿಯ ಒಂದು ಮೂಲೆಯಲ್ಲಿ, ಅರಗಿನ ಮುದ್ರೆ ಒತ್ತಿದ ಗೋಣಿಚೀಲದೊಳಗೆ ಇದ್ದೇನೆ. ಪ್ರಕರಣ ಇನ್ನೂ ಮುಗಿದಿಲ್ಲವಂತೆ. ಕತ್ತಲೆಯಲ್ಲಿ ಹಳೆಯ ಪಾದಗಳನ್ನು ನೆನೆಯುತ್ತೇನೆ. ಹೆದರಿದ ಪಾದ ಬೆರಳುಗಳನ್ನು ಒಳಗೆ ಮಡಚುತ್ತದೆ. ಮುಚ್ಚಿದ ಬಾಗಿಲೊಳಗೆ ನನ್ನ ಮೇಲೆ ನಿಂತ ಎಷ್ಟೋ ಪಾದಗಳು ಹಾಗೆ ಮಡಚಿದ್ದವು. ಹನ್ನೊಂದು ವರ್ಷ ನನಗದು ತಟ್ಟುತ್ತಲೇ ಇತ್ತು. ಅದನ್ನು ತೋರಿಸಲು ನನ್ನ ಮುಖದ ಮೇಲೆ ಒಂದು ಗೆರೆಯೂ ಇರಲಿಲ್ಲ. ಹಾಗಾಗಿ ಪ್ರತಿ ಸಲವೂ ಕಿಲೋ ಮಾತ್ರ ತೋರಿಸಿದೆ.

ನನ್ನಲ್ಲಿ ದೋಷವಿಲ್ಲ ಎಂದು ಬರೆದಿದ್ದಾರೆ. ಇರಬಹುದು.