ಅಂಕಯ್ಯ ಹಾಕಿದ ಮಾರ್ಕ್ಸು

"ಹದಿನೇಳು?"

"ಸಿ," ಎಂದಳು ಸಂಘಮಿತ್ರ.

ಅಂಕಯ್ಯ ಉತ್ತರದ ಹಾಳೆಯ ಮೇಲೆ ಬೆರಳಾಡಿಸಿ ಹದಿನೇಳನ್ನು ಹುಡುಕಿದ. ಅದರ ಮುಂದೆ ಡಿ ಇತ್ತು. ಹದಿನಾಲ್ಕು, ಹದಿನೈದು, ಹದಿನಾರು ಮೂರೂ ಆಗಲೇ ತಪ್ಪಾಗಿದ್ದವು. ಮಗಳು ಉಸಿರು ಹಿಡಿದು ಅವನ ಮುಖವನ್ನೇ ನೋಡುತ್ತಿದ್ದಳು.

"ಸರಿ," ಎಂದ ಅಂಕಯ್ಯ.

ಅಂದಮೇಲೆ ಮತ್ತೊಮ್ಮೆ ಹಾಳೆ ನೋಡಿದ, ಡಿಯೇ ಇತ್ತು. ಆದರೆ ಅಷ್ಟರಲ್ಲಿ ಸಂಘಮಿತ್ರಳ ಹುಬ್ಬಿನ ಗಂಟು ಸಡಿಲಗೊಂಡಿತ್ತು. ತಪ್ಪಾಯಿತೆಂದು ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ.

ಬೆಟ್ಟದಪುರದ ಪಂಚಾಯಿತಿಯಲ್ಲಿ ಅಂಕಯ್ಯ ಇಪ್ಪತ್ತೆರಡು ವರ್ಷದಿಂದ ನೀರು ಬಿಡುವ ಕೆಲಸದಲ್ಲಿದ್ದ. ಓದಿದ್ದು ನಾಲ್ಕನೇ ಕ್ಲಾಸು, ಅದೂ ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ಅವನಿಗೆ ಗೊತ್ತಿದ್ದದ್ದು ನಾಲ್ಕೇ ಅಕ್ಷರ. ಓವರ್‌ಹೆಡ್ ಟ್ಯಾಂಕು ಕಟ್ಟಿದ ಎಂಜಿನಿಯರು ನಾಲ್ಕು ವಾಲ್ವುಗಳ ಮೇಲೆ ಬಣ್ಣದಲ್ಲಿ ಬರೆಸಿ ಹೋಗಿದ್ದ: ಎ ಅಂದರೆ ಮೇಲಿನ ಬೀದಿ, ಬಿ ಸ್ಕೂಲಿನ ಬೀದಿ, ಸಿ ಹೊಸ ಬಡಾವಣೆ, ಡಿ ಸಂತೆಮಾಳ. ಆ ನಾಲ್ಕು ಅಕ್ಷರ ಮಗಳ ಓದಿಗೂ ಒದಗುತ್ತವೆಂದು ಅವನು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ಸಂಘಮಿತ್ರ ಸೆಕೆಂಡ್ ಪಿಯುಸಿಯಲ್ಲಿ ಉಳಿದೆಲ್ಲ ಪಾಸು ಮಾಡಿಕೊಂಡು ಇಂಗ್ಲಿಷಿನಲ್ಲಿ ಮಾತ್ರ ಎರಡು ಸಲ ಫೇಲಾಗಿದ್ದಳು. ಕೊಟ್ಟ ಪಾಠ ಓದಿ ಉತ್ತರ ಬರೆಯುವ ಕಡೆ ಬಂದರೆ ಅವಳಿಗೆ ಕಣ್ಣು ಕತ್ತಲೆ. ಜೂನಿನಲ್ಲಿ ಮೂರನೇ ಪರೀಕ್ಷೆ. ಅದೂ ಹೋದರೆ ಈ ವರ್ಷದ ಡಿಗ್ರಿ ಸೀಟು ಹೋದಂತೆ. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಸೌಂದರ್ಯ ಮೇಡಂ ಒಂದು ಕಟ್ಟು ಜೆರಾಕ್ಸ್ ಹಾಳೆ ಕೊಟ್ಟಿದ್ದರು. ಚೀನಾ ದೇಶದ ಮಕ್ಕಳು ಕಾಲೇಜು ಸೇರುವುದಕ್ಕೆ ಬರೆಯುವ ಪರೀಕ್ಷೆಯ ತಯಾರಿಗೆ ಮಾಡಿದ ಹಾಳೆಗಳು. ಒಂದೊಂದು ಹಾಳೆಯಲ್ಲಿ ನಾಲ್ಕಾರು ಪಾಠ, ಇಪ್ಪತ್ತು ಪ್ರಶ್ನೆ, ಪ್ರಶ್ನೆಗೆ ನಾಲ್ಕು ಉತ್ತರ. "ಇದು ಬಂದರೆ ನಮ್ಮದು ಸಲೀಸು. ಆದ್ರೆ ಉತ್ತರದ ಹಾಳೆ ನಿನ್ನ ಹತ್ರ ಇಟ್ಕೋಬೇಡ, ಮನೇಲಿ ಯಾರಿಗಾದ್ರೂ ಕೊಡು," ಅಂದಿದ್ದರು.

"ಚೀನಾದೋರ್ಗೂ ಇಂಗ್ಲೀಸು ತಪ್ಪಿದ್ದಲ್ವಾ?" ಎಂದು ಅಂಕಯ್ಯ ನಕ್ಕಿದ್ದ. ಆವತ್ತಿನಿಂದ ಉತ್ತರದ ಹಾಳೆ ಅವನ ಅಂಗಿಯ ಜೇಬಿನಲ್ಲಿ. ಬೆಳಿಗ್ಗೆ ನೀರು ಬಿಟ್ಟಾದ ಮೇಲೆ ಟ್ಯಾಂಕಿನ ನೆರಳಿನಲ್ಲಿ ಅಪ್ಪ ಮಗಳು ಕೂರುತ್ತಿದ್ದರು.

ಹದಿನೇಳನೆಯದಕ್ಕೆ ಸುಳ್ಳು ಸರಿ ಹಾಕಿದ ಮಾರನೆಯ ದಿನ ಅವನು ಎರಡು ಪ್ರಶ್ನೆಗೆ ಹಾಕಿದ. ಅದರ ಮಾರನೆಯ ದಿನ ನಾಲ್ಕು ಪ್ರಶ್ನೆಗೆ. ಇಪ್ಪತ್ತಕ್ಕೆ ಎಂಟು ಬರುತ್ತಿದ್ದದ್ದು ಹದಿನೈದಾಯಿತು, ಹದಿನಾರಾಯಿತು. ಮಗಳು ತಟ್ಟೆಯಲ್ಲಿ ಅನ್ನ ಬಿಡುವುದನ್ನು ನಿಲ್ಲಿಸಿದಳು. ಅವಳು ಬಟ್ಟೆ ಒಗೆಯುತ್ತ ಹಾಡು ಗುನುಗುವುದು ಕೇಳಿ ತಾಯಿ ಚೆಲುವಮ್ಮ, "ಅದೇನ್ ಮಾಡ್ದಿರೋ ಕಾಣೆ, ಮಗ ಗೆಲುವಾಗವ್ಳೆ," ಎಂದು ಗಂಡನ ಬೆನ್ನಿಗೆ ನೀರು ಹಾಕುವಾಗ ಹೇಳಿದಳು. ಅಂಕಯ್ಯ ಇನ್ನೊಂದು ಚೊಂಬು ನೀರು ಹಾಕೆಂದ.

ಹನ್ನೊಂದನೆಯ ದಿನ ಸೌಂದರ್ಯ ಮೇಡಂ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದರು.

"ಅಂಕಯ್ಯನೋರೆ, ನಿಮ್ಮ ಮಗಳು ಹದಿನಾರು ಹದಿನೇಳು ತೆಗೀತಿದಾಳಂತೆ. ನಂಗೆ ಎಷ್ಟು ಖುಷಿಯಾಯ್ತು ಗೊತ್ತಾ? ಇನ್ನು ಅದನ್ನ ಬಿಟ್ಟು ಗ್ರಾಮರ್ ಓದು ಅಂದಿದೀನಿ. ಆ ಹಾಳೆಗಳನ್ನ ನಾಳೆ ಕಳಿಸ್ಕೊಡಿ, ಇನ್ನೊಂದು ಹುಡುಗಿಗೆ ಬೇಕು."

ಮೇಡಂ ಬಸ್ಸು ಹತ್ತಿ ಹೋದರು. ಪರೀಕ್ಷೆಗೆ ಇನ್ನು ಒಂಬತ್ತೇ ದಿನ. ಅಂಕಯ್ಯ ತರಕಾರಿಗೆಂದು ಬಂದವನು ಬರಿಗೈಯಲ್ಲಿ ಮನೆಗೆ ನಡೆದ.

ಸಂಘಮಿತ್ರ ಅಡಿಗೆಮನೆಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಅವನು ಜೇಬಿನಿಂದ ಹಾಳೆ ತೆಗೆದು ಅವಳ ಮುಂದಿಟ್ಟ.

"ನಾನು ಸುಳ್ಳು ಏಳ್ದೆ ಕಣವ್ವ. ನೀನು ತೆಗ್ದಿದ್ದು ಅದಿನಾರಲ್ಲ."

ಅವಳು ಕೈಯಲ್ಲಿದ್ದ ಬೆಳ್ಳುಳ್ಳಿ ತಟ್ಟೆಗೆ ಹಾಕಿದಳು. ಎದ್ದು ಹೋಗಿ ತನ್ನ ಹಾಳೆಗಳನ್ನೆಲ್ಲ ತಂದಳು, ಕೆಂಪು ಪೆನ್ನು ಹಿಡಿದು ಒಂದೊಂದಾಗಿ ತಿದ್ದತೊಡಗಿದಳು. ಒಂಬತ್ತು. ಏಳು. ಹತ್ತು. ಎಂಟು. ಅವನು ಬಾಗಿಲಲ್ಲೇ ನಿಂತಿದ್ದ. ಕೊನೆಯ ಹಾಳೆ ಮುಗಿಸಿ ಅವಳು ಪೆನ್ನಿಗೆ ಮುಚ್ಚಳ ಹಾಕಿದಳು.

"ಯಾಕಪ್ಪ?"

"ನಿನ್ ಮೊಕ ನೋಡಕ್ಕಾಗ್ನಿಲ್ಲ."

"ಪರೀಕ್ಷೆ ಪೇಪರ್ ತಿದ್ದೋರು ನನ್ ಮೊಕ ನೋಡಲ್ಲ ಕಣಪ್ಪ," ಎಂದಳು. ಕೂಗಾಡಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅಷ್ಟು ಮೆಲ್ಲಗೆ ಅಂದದ್ದನ್ನು ತಡೆದುಕೊಳ್ಳಲಾಗಲಿಲ್ಲ.

ವಿಷಯ ತಿಳಿದ ಚೆಲುವಮ್ಮ ರಾತ್ರಿ ಊಟದ ತಟ್ಟೆಯನ್ನು ಅವನ ಮುಂದೆ ಕುಕ್ಕಿ ಹೋದಳು. ಮಾರನೆಯ ಬೆಳಿಗ್ಗೆ ನೀರು ಬಿಟ್ಟು ಮುಗಿದರೂ ಮಗಳು ಟ್ಯಾಂಕಿನ ಹತ್ತಿರ ಬರಲಿಲ್ಲ. ಅಂಕಯ್ಯ ಕಾದ. ಬಿಸಿಲು ಏರಿತು. ಎದ್ದು ಹೊರಡಬೇಕೆನ್ನುವಷ್ಟರಲ್ಲಿ ಅವಳು ಬಂದಳು. ಕಣ್ಣು ಊದಿಕೊಂಡಿತ್ತು. ಮೇಡಂಗೆ ಫೋನು ಮಾಡಿ ನಿಜ ಹೇಳಿ, ಹಾಳೆಗಳನ್ನು ಪರೀಕ್ಷೆಯವರೆಗೆ ಉಳಿಸಿಕೊಂಡಿದ್ದಳು. ಅಪ್ಪನಿಂದ ಒಂದು ಮಾರು ದೂರದಲ್ಲಿ ಕೂತು ಹಾಳೆ ಬಿಡಿಸಿದಳು.

"ಈ ಪಾಠದಲ್ಲಿ ಐದಕ್ಕೆ ಐದೂ ತಪ್ಪು. ಯಾಕೆ ಅಂತ್ಲೇ ಗೊತ್ತಾಯ್ತಿಲ್ಲ."

"ಏನೈತೆ ಅದ್ರಲ್ಲಿ?"

"ಒಬ್ಬ ಮುದುಕ. ಹೊಳೇಲಿ ದೋಣಿ ದಾಟಿಸ್ತಿದ್ದ. ಸೇತುವೆ ಕಟ್ಟುದ್ರು. ಆಮೇಲೂ ದಿನಾ ದೋಣಿ ತೊಳ್ದು, ಹೊಳೆ ದಡದಲ್ಲಿ ಕೂರ್ತಾನೆ. ಯಾಕೆ ಅಂತ ಪ್ರಶ್ನೆ. ಅವ್ನಿಗೆ ಸೇತುವೆ ಮೇಲೆ ಸಿಟ್ಟು ಅಂತ ಹಾಕಿದೀನಿ."

ಅಂಕಯ್ಯ ಸ್ವಲ್ಪ ಯೋಚಿಸಿದ. "ಸೇತುವೆ ಕಟ್ಟೋರ್ಗೆ ಏನಾರ ತೊಂದ್ರೆ ಮಾಡುದ್ನಾ?"

ಅವಳು ಹಾಳೆ ನೋಡಿದಳು. ತುಟಿ ಅಲ್ಲಾಡಿಸುತ್ತ ಮತ್ತೆ ಮೊದಲಿಂದ ಓದಿದಳು. "ಇಲ್ಲ. ಕೆಲಸದೋರ್ಗೆ ಟೀ ಕಾಯಿಸ್ಕೊಡ್ತಿದ್ದ ಅಂತ ಐತೆ."

"ಅಂಗಾರೆ ಸಿಟ್ಟೆಲ್ಲಿಂದ ಬಂತು?"

"ಇಲ್ಲಿ ಕೋಪ ಅನ್ನೋ ಪದ ಐತಲ್ಲ," ಎಂದು ಬೆರಳಿಟ್ಟವಳು ಮುಂದಿನ ಸಾಲಿಗೆ ಸರಿಸಿದಳು. "ಅದು ಮುದುಕಂಗಲ್ಲ, ಅವ್ನ ಮಗಂಗೆ. ಅಪ್ಪ ಸುಮ್ನೆ ಬಿಸ್ಲಲ್ಲಿ ಕೂರ್ತಾನೆ ಅಂತ." ಇನ್ನೊಮ್ಮೆ ಓದಿದಳು. "ಮುದುಕನ್ನ ಮಾತಾಡ್ಸಕ್ಕೆ ಅಂತ ಜನ ಸೇತುವೆ ಬಿಟ್ಟು ಕೆಳಗಿಳ್ದು ಬತ್ತಾರೆ. ಅದುಕ್ಕೆ ಕೂರೋದು. ಇಷ್ಟ್ ದಿನ ನಾನು ಪದ ಹುಡುಕ್ತಿದ್ದೆ ಕಣಪ್ಪ, ಓದ್ಲೇ ಇಲ್ಲ."

ಅವಳು ದೂರ ಕೂತಿದ್ದನ್ನು ಮರೆತು ಹತ್ತಿರ ಸರಿದು ಬಂದಿದ್ದಳು.

ಅಲ್ಲಿಂದ ಮುಂದೆ ದಿನವೂ ಅವಳು ಮೊದಲು ಪಾಠವನ್ನು ಕನ್ನಡದಲ್ಲಿ ಅಪ್ಪನಿಗೆ ಹೇಳುತ್ತಿದ್ದಳು, ಆಮೇಲೆ ಉತ್ತರ. ಉತ್ತರದ ಹಾಳೆ ಮತ್ತೆ ಅಂಕಯ್ಯನ ಜೇಬಿಗೆ ಬಂತು, ಜೊತೆಗೆ ಕಷ್ಟದ ಕೆಲಸವೂ. "ತಪ್ಪು" ಎನ್ನುವಾಗ ಮೊದಲ ದಿನ ಅವನು ಬಾಯೊಳಗೇ ಗೊಣಗಿದ. "ಏನಂದೆ?" ಎಂದು ಅವಳು ಗದರಿದಳು. "ತಪ್ಪು," ಎಂದ ಗಟ್ಟಿಯಾಗಿ. ಅವಳು ಕೆಂಪು ಗೆರೆ ಎಳೆದು ಮುಂದಕ್ಕೆ ಹೋದಳು. ಮುಖ ಬಾಡಿತು, ಮತ್ತೆ ತನ್ನಷ್ಟಕ್ಕೆ ಸರಿಹೋಯಿತು. ಹತ್ತು ಹನ್ನೊಂದಾಗಿ, ಹನ್ನೊಂದು ಹದಿಮೂರಾಗಿ, ಒಂದು ದಿನ ಮತ್ತೆ ಒಂಬತ್ತಕ್ಕೆ ಇಳಿದು, ಪರೀಕ್ಷೆಯ ಹಿಂದಿನ ದಿನ ಹದಿಮೂರಕ್ಕೆ ಬಂದು ನಿಂತಿತು.

ಪಿರಿಯಾಪಟ್ಟಣದಲ್ಲಿ ಪರೀಕ್ಷೆ ಬರೆದು ಬಂದವಳು, ಅಪ್ಪ "ಹೆಂಗಾಯ್ತು?" ಎಂದದ್ದಕ್ಕೆ "ಓದ್ದೆ" ಎಂದಷ್ಟೇ ಹೇಳಿ ಮಲಗಿಬಿಟ್ಟಳು.

ರಿಸಲ್ಟು ಬಂದ ದಿನ ಸ್ಕೂಲಿನ ಬೀದಿಯಲ್ಲಿ ಪೈಪು ಒಡೆದಿತ್ತು. ಅಂಕಯ್ಯ ಗುಂಡಿಯೊಳಗೆ ಇಳಿದು, ಒಡೆದ ಜಾಗಕ್ಕೆ ಟ್ಯೂಬಿನ ರಬ್ಬರು ಸುತ್ತುತ್ತಿದ್ದ. ಮೇಲೆ ನೆರಳು ಬಿತ್ತು. ಸಂಘಮಿತ್ರ ಮೊಬೈಲು ಹಿಡಿದು ಗುಂಡಿಯ ಅಂಚಿಗೆ ಬಂದು ಕುಕ್ಕರುಗಾಲಲ್ಲಿ ಕೂತಳು. ಓಡಿ ಬಂದದ್ದಕ್ಕೆ ಏದುಸಿರು.

"ನಲವತ್ತೇಳು," ಎಂದಳು.

"ಎಷ್ಟಾಗ್ಬೇಕಿತ್ತು?"

"ಮೂವತ್ತೈದು."

ಅಂಕಯ್ಯ ಸುತ್ತುವುದನ್ನು ನಿಲ್ಲಿಸಿದ. "ಓದು," ಎಂದ. "ಮೊದ್ಲಿಂದ ಓದು."

ಅವಳು ಮೊಬೈಲನ್ನು ಬಿಸಿಲಿಗೆ ಮರೆ ಮಾಡಿಕೊಂಡು ತನ್ನ ಹೆಸರಿನಿಂದ ಶುರು ಮಾಡಿದಳು. ತಂದೆಯ ಹೆಸರು ಅಂಕಯ್ಯ ಎಂದು ಓದಿದಳು. ತಾಯಿಯ ಹೆಸರು ಓದಿದಳು. ರಬ್ಬರು ಅವನ ಕೈಯಿಂದ ಜಾರಿ ಬಿದ್ದಿತ್ತು. ಕೆಮ್ಮಣ್ಣಿನ ನೀರು ಮೀನಖಂಡ ದಾಟಿ ಮೊಣಕಾಲಿನವರೆಗೆ ಬಂದಿತ್ತು. ಅವನು ಮುಖ ಮೇಲೆತ್ತಿಕೊಂಡು ನಿಂತೇ ಇದ್ದ.