ಜಾರಿದ ಟವೆಲ್

“ತಲೆ ಕಡೆ ಹಿಡಿಯೋಕೆ ನನ್ನ ಕರೀಬೇಡಿ. ಈ ಮನುಷ್ಯ ನನ್ನ ಜೀವನಾನೇ ಕೈಜಾರಿಸಿದ್ದಾರೆ. ಈಗ ನನ್ನ ಕೈ ಜಾರಿದ್ರೆ ಯಾರು ಹೊಣೆ?”

ಹೀಗೆ ಕೂಗಿದವನು ಗೂಳಿ. ಒಂದು ಕಾಲದ ಬಾಕ್ಸರು, ಈಗ ಟೈರ್ ಅಂಗಡಿಯವನು, ಐವತ್ತರ ಹತ್ತಿರ. ಶವದ ಪೆಟ್ಟಿಗೆಯಲ್ಲಿ ಮಲಗಿದ್ದವರು ಅವನಿಗೆ ಬಾಕ್ಸಿಂಗ್ ಕಲಿಸಿದ ಮೇಷ್ಟ್ರು. ಬೀದಿಯಲ್ಲಿ ವ್ಯಾನು ಕಾಯುತ್ತಿತ್ತು.

“ಲೋ, ಸತ್ತೋರ ಮುಂದೆ ಆದ್ರೂ ಬಾಯಿ ಮುಚ್ಚೋ,” ಎಂದಳು ಮೇಷ್ಟ್ರ ಹೆಂಡತಿ.

“ಮುಚ್ಚಲ್ಲ ಅಕ್ಕ. ಬದುಕಿದ್ದಾಗ ಬೈಯೋಕೆ ಬಂದ್ರೆ ‘ತಪ್ಪಾಯ್ತು ಕಣಪ್ಪ’ ಅಂತ ಟೀ ತರಿಸ್ತಿದ್ರು. ಟೀ ಕುಡಿದ್ಮೇಲೆ ಹೆಂಗೆ ಬೈಯೋದು? ಸರಿಯಾಗಿ ಬೈಯೋಕೆ ಇವತ್ತೇ ಸಿಕ್ಕಿರೋದು.”

ಮೂಲೆಯ ಕುರ್ಚಿಯಲ್ಲಿದ್ದ ಮುದುಕ ಕೆಮ್ಮಿದ. ಗೂಳಿಯ ಕೊನೆಯ ಪಂದ್ಯಕ್ಕೆ ರೆಫರಿಯಾಗಿದ್ದವನು ಅವನೇ. ಗೂಳಿ ಅವನತ್ತ ತಿರುಗಿದ.

“ನೀವೇ ಹೇಳಿ ಸಾರ್. ಫೈನಲ್ಲು, ಕೊನೇ ರೌಂಡು. ನಾನು ಗೆಲ್ತಿದ್ನೋ ಇಲ್ವೋ?”

ರೆಫರಿ ಹಲ್ಲುಸೆಟ್ಟು ಸರಿಮಾಡಿಕೊಂಡ. “ನೀನು ನಿಂತಿದ್ಯಪ್ಪ. ಅಷ್ಟು ನೆನಪಿದೆ.”

* * *

ಇಪ್ಪತ್ತೆರಡು ವರ್ಷದ ಹಿಂದೆ, ಹತ್ತಿ ಗೋದಾಮಿನಲ್ಲಿ ಕಟ್ಟಿದ್ದ ರಿಂಗಿನೊಳಕ್ಕೆ ಮೇಷ್ಟ್ರ ಟವೆಲ್ ಬಿದ್ದಿತು. ಟವೆಲ್ ಬಿದ್ದರೆ ಆ ಕಡೆಯವರು ಸೋಲು ಒಪ್ಪಿದಂತೆ. ಪಂದ್ಯ ಮುಗಿಯಿತು.

ಮೇಷ್ಟ್ರು ಬಟ್ಟೆ ಬದಲಿಸುವ ಕೋಣೆಗೆ ಬಂದು ಅಂಗೈ ತೋರಿಸಿದರು. “ವ್ಯಾಸಲೀನ್ ಕೈ ಕಣಪ್ಪ. ನಿನ್ನ ಹುಬ್ಬಿಗೆ ಹಚ್ಚಿದ್ನಲ್ಲ. ಜಾರಿಬಿಡ್ತು.”

ಗೂಳಿ ಸ್ಟೂಲು ಎಸೆದ. ಮೇಷ್ಟ್ರು ಬಗ್ಗಿದರು. ಬಗ್ಗುವುದನ್ನು ಊರಿಗೆಲ್ಲ ಕಲಿಸಿದವರು ಅವರೇ.

ಅಂದಿನಿಂದ ಅವರ ಹೆಸರು ಜಾರುಕೈ ಮೇಷ್ಟ್ರು ಎಂದಾಯಿತು. ಅಂಗಡಿಯವನು ಮೊಟ್ಟೆ ಕೊಡುವಾಗ “ಎರಡೂ ಕೈಲಿ ಹಿಡ್ಕೊಳ್ಳಿ ಮೇಷ್ಟ್ರೇ” ಎನ್ನುತ್ತಿದ್ದ. ಬಾಕ್ಸರುಗಳು ಬೇರೆ ಗರಡಿ ನೋಡಿಕೊಂಡರು. ಮೇಷ್ಟ್ರು ಬೊಜ್ಜು ಬಂದ ಗುಮಾಸ್ತರಿಗೆ ಹಗ್ಗ ಜಿಗಿಯುವುದನ್ನು ಹೇಳಿಕೊಡುತ್ತ ಮುದುಕರಾದರು.

ಗೂಳಿ ಒಂದು ವಾರ ಗೋಡೆ ನೋಡುತ್ತ ಮಲಗಿದ್ದ. ಎಂಟನೇ ದಿನ ಎದ್ದು, “ಸೋತಿದ್ದು ನಾನಲ್ಲ, ಆ ಮನುಷ್ಯನ ಕೈ” ಎಂದ. ಅನ್ನ ಉಂಡ. ಮದುವೆಯಾದ. ಅಂಗಡಿ ತೆರೆದು ಬೋರ್ಡು ಬರೆಸಿದ: ಸೋಲದ ಗೂಳಿ ಟೈರ್ಸ್.

* * *

“ಜಾರಲಿಲ್ಲ ಕಣೋ,” ಎಂದಳು ಮೇಷ್ಟ್ರ ಹೆಂಡತಿ. “ಎಸೆದ್ರು. ಬೇಕಂತ್ಲೇ ಎಸೆದ್ರು. ಕೊನೇ ರೌಂಡಿಗೆ ಮುಂಚೆ ‘ನಿನ್ನ ಹೆಸರೇನೋ’ ಅಂತ ಕೇಳಿದ್ರಂತೆ. ತಲೆಗೆ ಏಟು ಬಿದ್ದು ನೀನು ‘ಅಮ್ಮ, ಸ್ಕೂಲಿಗೆ ಹೊತ್ತಾಯ್ತು’ ಅಂದ್ಯಂತೆ.”

ಗೂಳಿ ನಕ್ಕ. “ಸುಳ್ಳು. ಸಾರ್, ಹೇಳಿ ನೀವು.”

“ನನ್ನನ್ನೂ ಅಮ್ಮ ಅಂದೆ,” ಎಂದ ರೆಫರಿ. “ಎರಡು ಸಲ.”

ಬಾಗಿಲ ಬಳಿ ಯಾರಿಗೋ ನಗು ಬಂತು. ಕೆಮ್ಮಿ ಮುಚ್ಚಿಕೊಂಡರು.

“ಮತ್ತೆ ಜಾರ್ತು ಅಂತ ಯಾಕಂದ್ರು?” ಗೂಳಿಯ ದನಿ ಇಳಿದಿತ್ತು.

“ನಾನೂ ಕೇಳ್ದೆ. ‘ಏಟಾದ್ರೆ ಒಂದು ತಿಂಗಳಲ್ಲಿ ವಾಸಿಯಾಗತ್ತೆ. ಸೋತೆ ಅನ್ನೋದು ಇವನಿಗೆ ವಾಸಿಯಾಗಲ್ಲ. ನನ್ನ ಬೈಕೊಂಡಾದ್ರೂ ಎದ್ದೇಳ್ಲಿ’ ಅಂದ್ರು. ನೀನು ಎದ್ದೆ. ನಾನು ಬಾಯಿ ಹೊಲ್ಕೊಂಡೆ. ಇವತ್ತು ಅವರನ್ನ ಕಳಿಸೋ ಹೊತ್ತಲ್ಲಿ ಹೊಲಿಗೆ ಬಿಚ್ಚಿಸಿಬಿಟ್ಟೆಯಲ್ಲೋ, ಕತ್ತೆ.”

ಗೂಳಿ ಪೆಟ್ಟಿಗೆಯ ಹತ್ತಿರ ಹೋದ. ಬೈಯಲು ಬಾಯಿ ತೆರೆದ. ಹಾಗೇ ಮುಚ್ಚಿಕೊಂಡ. ತಿರುಗಿ, ಜನರನ್ನು ಮೊಣಕೈಯಿಂದ ಸರಿಸುತ್ತ ಹೊರಗೆ ನಡೆದುಬಿಟ್ಟ.

“ಲೋ, ಹಿಡಿಯೋಕೆ ಒಬ್ಬ ಕಮ್ಮಿಯಾಗ್ತಾನೋ,” ಎಂದು ರೆಫರಿ ಕೂಗಿದ. ಗೂಳಿ ಬರಿಗಾಲಲ್ಲೇ ವ್ಯಾನು ದಾಟಿ, ಬೀದಿ ತಿರುವಿನಲ್ಲಿ ಮರೆಯಾದ. ತಲೆ ಕಡೆ ಮೇಷ್ಟ್ರ ಹೆಂಡತಿಯೇ ಹಿಡಿದಳು.

ಸಂಜೆ ಮನೆಗೆ ಹೊರಟವರೆಲ್ಲ ಬಾಗಿಲಲ್ಲಿ ತಮ್ಮ ತಮ್ಮ ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೋದರು. ಕೊನೆಗೆ ಒಂದು ಜೊತೆ ದೊಡ್ಡ ಬೂಟು ಉಳಿಯಿತು. ಟೈರಿನ ಕರಿ ಮೆತ್ತಿತ್ತು. ಒಂದು ಮೆಟ್ಟಿಲ ಮೇಲೆ, ಇನ್ನೊಂದು ಗೋಡೆಯ ಬುಡದಲ್ಲಿ ಮಗುಚಿ ಬಿದ್ದಿತ್ತು. ಬೆಳಿಗ್ಗೆ ಓಡಿಬಂದವನು ಲೇಸು ಬಿಚ್ಚುವಷ್ಟೂ ತಾಳದೆ ಕಿತ್ತೆಸೆದಿದ್ದ.

ಅವಳು ಮೆಟ್ಟಿಲ ಮೇಲೆ ಕೂತು, ಬೂಟನ್ನು ಮಡಿಲಲ್ಲಿಟ್ಟುಕೊಂಡು, ಬಿಗಿದ ಗಂಟಿಗೆ ಉಗುರು ಹಾಕಿದಳು.